ಋತುಗಳ ಐಕಾನ್ ಸೆಟ್ ಮಾಡುವವರಿಗೆ

ಚಳಿಗಾಲ ಅಂದ ಕೂಡಲೇ ಸುಮ್ನೆ ಹಿಮದ ಹರಳು ಹಾಕಬೇಡಿ, ನಮ್ಮ ಬೆಂಗಳೂರು, ಮೈಸೂರಲ್ಲಿ ಹಿಮ ಎಲ್ಲಿ ಬೀಳುತ್ತದೆ? ಅವರೆಕಾಯಿ ಹಾಕಿ. ಯುಗಾದಿಗೆ ಬೇವು, ಬೇಸಿಗೆಗೆ ಮಾವು, ಮಳೆಗಾಲಕ್ಕೆ ಕೊಡೆ ಸಾಕು. ಎಲ್ಲಕ್ಕೂ ಒಂದೇ 24 ಪಿಕ್ಸೆಲ್ ಚೌಕ, 2 ಪಿಕ್ಸೆಲ್ ಗೆರೆ.

ಜಾಸ್ತಿ ಕಾಡೋದು ಬೇವು. ಎಲೆಯ ಗರಗಸದಂಥ ಅಂಚನ್ನು ಇದ್ದ ಹಾಗೇ ಬಿಡಿಸಿದರೆ ಚಿಕ್ಕ ಸೈಜಿನಲ್ಲಿ ಗೆರೆಗೆ ಗೆರೆ ಅಂಟಿಕೊಂಡು ಕಪ್ಪು ಮುದ್ದೆಯಾಗುತ್ತದೆ, ಪೂರ್ತಿ ನುಣುಪು ಮಾಡಿದರೆ ಯಾವ ಗಿಡದ ಎಲೆಯೋ ಗೊತ್ತಾಗುವುದಿಲ್ಲ. ಹಾಗಾಗಿ ಕಡ್ಡಿಗೆ ಮೂರೇ ಎಲೆ, ಒಳಗೆ ಕಪ್ಪು ತುಂಬಿ, ಸ್ವಲ್ಪ ಬಾಗಿಸಿ, ಒಂದು ಬದಿಗೆ ಮಾತ್ರ ಎರಡು ದೊಡ್ಡ ಹಲ್ಲು ಕೊಡಿ.

ಉಳಿದ ಬಣ್ಣಗಳೆಲ್ಲ ಕೊನೆಗೆ. ಮೊದಲು ಬರೀ ಕಪ್ಪಲ್ಲಿ, ಫೋನಿನಲ್ಲೇ, ಹೆಸರು ಹೇಳದೆ ಮನೆಯವರಿಗೆ ತೋರಿಸಿ. ಮಾವನ್ನು ಗೋಡಂಬಿ ಅಂದರೆ ತೊಟ್ಟು, ಒಂದು ಎಲೆ ಸೇರಿಸಿ.