ಪ್ಲೇಟ್ ಹಾಕಿದ ಕಾಲಲ್ಲಿ ಕೀವು: ಏನು ಮಾಡಬೇಕು?

ಬೈಕಿನಿಂದ ಬಿದ್ದು ಕಾಲಿಗೆ ಪ್ಲೇಟ್ ಅಥವಾ ರಾಡ್ ಹಾಕಿಸಿಕೊಂಡವರು ಬೆಂಗಳೂರಿನ ಯಾವ ಬೀದಿಯಲ್ಲಾದರೂ ಸಿಗುತ್ತಾರೆ, ಅಲ್ವಾ? ಮನೆಗೆ ಬಂದ ಮೇಲೆ ಹೊಲಿಗೆಯ ಸುತ್ತ ಕೆಂಪಗಾಗಿ, ನೀರೋ ಕೀವೋ ಒಸರಿದರೆ ಸೋಂಕು ಆಗಿರಬಹುದು. ಇಳಿಯುತ್ತಿದ್ದ ನೋವು ಮತ್ತೆ ಏರಿದರೂ ಅನುಮಾನಪಡಿ. ಜ್ವರ ಬರಲೇಬೇಕು ಅಂತೇನಿಲ್ಲ.

ಮೊದಲ ಕೆಲಸ, ಅವತ್ತೇ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸುವುದು. ಅರಿಶಿನ ಮೆತ್ತಬೇಡಿ, ಒತ್ತಿ ಕೀವು ತೆಗೆಯಬೇಡಿ. ಶುದ್ಧ ಗಾಜ್ ಬಟ್ಟೆ ಮುಚ್ಚಿ, ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ ಹಿಡಿದು ಹೊರಡಿ. ಆಪರೇಷನ್ ಬೇರೆ ಊರಲ್ಲಿ ಆಗಿದ್ದರೆ ಜಯನಗರದಲ್ಲಿ ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಜಯ್ ಗಾಂಧಿ ಆಸ್ಪತ್ರೆ ಇದೆ. ಚಳಿಜ್ವರ, ಏದುಸಿರು, ಮಾತು ತೊದಲುವುದು ಕಂಡರೆ ನೇರ ಎಮರ್ಜೆನ್ಸಿಗೆ ಹೋಗಿ.

ದಯವಿಟ್ಟು ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯಾಟಿಕ್ ನುಂಗಬೇಡಿ. ನಾನು ಇದನ್ನೇ ಒತ್ತಿ ಹೇಳಬೇಕು. ಎರಡು ದಿನ ಕೀವು ನಿಂತ ಹಾಗೆ ಕಾಣುತ್ತದೆ. ಆದರೆ ಕೀವಿನ ಪರೀಕ್ಷೆಯಲ್ಲಿ ಯಾವ ಕ್ರಿಮಿ ಅಂತ ಗೊತ್ತಾಗದೆ ಹೋಗಬಹುದು. ಕ್ರಿಮಿಗಳು ಲೋಹಕ್ಕೆ ಅಂಟಿ ಲೋಳೆಯ ಪೊರೆ ಕಟ್ಟಿಕೊಳ್ಳುತ್ತವೆ. ನೀರಿನ ತೊಟ್ಟಿಗೆ ಪಾಚಿ ಹಿಡಿದ ಹಾಗೆ. ಸುಮ್ನೆ ನೀರು ಸುರಿದರೆ ಪಾಚಿ ಹೋಗುತ್ತದೆಯೇ? ಉಜ್ಜಬೇಕು.

ಡಾಕ್ಟರ್ ಮಾಡುವುದೂ ಅದನ್ನೇ. ಮೈಯಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ಸಿಆರ್‌ಪಿ, ಇಎಸ್‌ಆರ್ ರಕ್ತಪರೀಕ್ಷೆ, ಎಕ್ಸ್‌ರೇ ಆದ ಮೇಲೆ ಗಾಯ ಬಿಚ್ಚಿ, ಕೊಳೆತ ಭಾಗ ಕೆರೆದು, ಚೆನ್ನಾಗಿ ತೊಳೆಯುತ್ತಾರೆ. ಒಳಗಿನಿಂದ ಸಾಮಾನ್ಯವಾಗಿ 5 ಮಾದರಿ ತೆಗೆದು ಕಲ್ಚರ್‌ಗೆ, ಅಂದರೆ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆಗೆ, ಕಳಿಸುತ್ತಾರೆ. ಮೇಲಿನ ಕೀವನ್ನು ಹತ್ತಿಯಲ್ಲಿ ಒರೆಸಿ ಕಳಿಸಿದ ರಿಪೋರ್ಟನ್ನು ಅಷ್ಟಾಗಿ ನಂಬಲಾಗದು. ಸೋಂಕು ಹೊಸದಾಗಿದ್ದು ಪ್ಲೇಟ್ ಬಿಗಿಯಾಗಿದ್ದರೆ ಮೂಳೆ ಕೂಡುವವರೆಗೆ ಅದನ್ನು ಉಳಿಸಬಹುದು. ಸಡಿಲವಾಗಿದ್ದರೆ ತೆಗೆದು, ಹೊರಗಿನಿಂದ ಕಂಬಿ ಕಟ್ಟುವುದುಂಟು.

ಆಮೇಲೆ ಔಷಧಿ. ಪ್ಲೇಟ್ ತೆಗೆದಿದ್ದರೆ ಸಾಮಾನ್ಯವಾಗಿ 6 ವಾರ, ಒಳಗೇ ಇದ್ದರೆ 12 ವಾರ. ರಿಫಾಂಪಿಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ಕಣ್ಣು ಹಳದಿಯಾದರೆ ಮಾತ್ರ ತಕ್ಷಣ ಹೇಳಿ. ಗಾಯ ಮಾಯ್ದಂತೆ ಕಂಡರೂ ನಡುವೆ ಬಿಡಬೇಡಿ. ಶುಗರ್ ಹತೋಟಿಯಲ್ಲಿರಲಿ. ಸಿಗರೇಟು, ಬೀಡಿ ಬಿಟ್ಟುಬಿಡಿ. ಮೂಳೆ ಕೂಡುವುದನ್ನೇ ಅವು ತಡಮಾಡುತ್ತವೆ.

ಕಲ್ಚರ್ ರಿಪೋರ್ಟಿನ ಒಂದು ಪ್ರತಿ ಕೇಳಿ ತಂದಿಡಿ. ವರ್ಷ ಕಳೆದು ಮತ್ತೆ ಕೀವು ಬಂದರೆ ಡಾಕ್ಟರಿಗೆ ಅದು ಬೇಕಾಗುತ್ತದೆ.