ಮನಿಲಾದಿಂದ ಮರಳುವ ಫಿಲಿಪಿನೋ ಸಹೋದ್ಯೋಗಿಗಳಿಗೆ ಉಚಿತ ಲೌಂಜ್

ಗಲ್ಫ್ ದೇಶಗಳ ಆಸ್ಪತ್ರೆ, ಹೋಟೆಲುಗಳಲ್ಲಿ ನಮ್ಮೊಂದಿಗೆ ದುಡಿಯುವ ಫಿಲಿಪಿನೋ ಸಹೋದ್ಯೋಗಿಗಳು ಊರಿಗೆ ಹೊರಟಿದ್ದರೆ, ಮನಿಲಾದ ನಿನೊಯ್ ಅಕಿನೊ ವಿಮಾನ ನಿಲ್ದಾಣದ 1 ಮತ್ತು 3ನೇ ಟರ್ಮಿನಲ್‌ಗಳಲ್ಲಿ ವಿದೇಶಕ್ಕೆ ದುಡಿಯಲು ಹೋಗುವವರಿಗೆಂದೇ ಮೀಸಲಾದ ಲೌಂಜ್‌ಗಳಿರುವುದನ್ನು ದಯವಿಟ್ಟು ಅವರಿಗೆ ತಿಳಿಸಿ. ಅಲ್ಲಿ ತಿಂಡಿ, ಪಾನೀಯ, ವೈಫೈ ಉಚಿತವಾಗಿ ಸಿಗುತ್ತವೆ; ಕ್ರೆಡಿಟ್ ಕಾರ್ಡ್ ಆಗಲಿ ಬಿಸಿನೆಸ್ ಕ್ಲಾಸ್ ಟಿಕೆಟ್ ಆಗಲಿ ಬೇಕಿಲ್ಲ. ಹಾಗೆಂದು ಸುಖಾಸೀನ ಭೋಜನಶಾಲೆಯನ್ನು ನಿರೀಕ್ಷಿಸಬಾರದು.

ಮುಖ್ಯವಾದದ್ದು ದಾಖಲೆ. ಪಾಸ್‌ಪೋರ್ಟ್ ಮತ್ತು ಬೋರ್ಡಿಂಗ್ ಪಾಸ್ ಜೊತೆಗೆ, ಓಇಸಿ ಎಂದು ಎಲ್ಲರೂ ಕರೆಯುವ ವಿದೇಶಿ ಉದ್ಯೋಗ ಪ್ರಮಾಣಪತ್ರವನ್ನು ಕೈಯಲ್ಲಿಟ್ಟುಕೊಂಡಿರಬೇಕು. ಪಡೆದ ದಿನದಿಂದ 60 ದಿನಗಳವರೆಗೆ ಮಾತ್ರ ಅದು ಊರ್ಜಿತವಾಗಿರುವುದರಿಂದ, ರಜೆಯ ಆರಂಭದಲ್ಲೇ ಪಡೆದು ನಿಶ್ಚಿಂತರಾಗುವವರು ದಿನಾಂಕವನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಅದೇ ಉದ್ಯೋಗದಾತರ ಬಳಿ, ಅದೇ ಸ್ಥಳಕ್ಕೆ ಮರಳುವವರು ಆನ್‌ಲೈನ್‌ನಲ್ಲಿ ವಿನಾಯಿತಿ ಪಡೆಯಬಹುದು. ಆದರೆ ಅದರ ಪ್ರತಿಯನ್ನು ಮುದ್ರಿಸಿಕೊಂಡೇ ಹೊರಡಲಿ.

ಲೌಂಜಿಗಿಂತ ದೊಡ್ಡ ಉಳಿತಾಯವೂ ಈ ಪತ್ರದಲ್ಲೇ ಇದೆ: ಇದನ್ನು ತೋರಿಸಿದವರಿಗೆ ಪ್ರಯಾಣ ತೆರಿಗೆ ಮತ್ತು ಟರ್ಮಿನಲ್ ಶುಲ್ಕ ಎರಡರಿಂದಲೂ ವಿನಾಯಿತಿ ಇದೆ. ಸಾಧಾರಣ ದರ್ಜೆಯ ಪ್ರಯಾಣ ತೆರಿಗೆಯೇ 1,620 ಪೆಸೊ ಆದ್ದರಿಂದ, ಟಿಕೆಟ್ ಕಾಯ್ದಿರಿಸುವಾಗಲೇ ಈ ವಿಷಯವನ್ನು ಏಜೆಂಟರಿಗೆ ಸ್ಪಷ್ಟವಾಗಿ ಹೇಳಬೇಕು.