ಕಾರ್ಬರಿಲ್ ಕೊಟ್ಟ ಇಲಿ ನಡುಗುತ್ತೆ, ರೀಡಿಂಗ್ ಮಾತ್ರ ನಾರ್ಮಲ್!

ಪಂಜರದಲ್ಲಿ ಇಲಿ ನಡುಗುತ್ತಿದೆ, ಜೊಲ್ಲು ಸುರಿಸುತ್ತಿದೆ, ಸುಮ್ನೆ ಬಾಯಿ ಆಡಿಸುತ್ತಿದೆ. ಮೆದುಳು ತೆಗೆದು ಅಸಿಟೈಲ್‌ಕೋಲಿನೆಸ್ಟರೇಸ್ (ಈ ವಿಷ ತಡೆಹಿಡಿಯುವ ನರಗಳ ಎನ್‌ಝೈಮ್) ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡಿದರೆ ವಿಷ ಕೊಡದ ಕಂಟ್ರೋಲ್ ಇಲಿಗೂ ಇದಕ್ಕೂ ಹೆಚ್ಚು ಕಡಿಮೆ ಒಂದೇ ಲೆಕ್ಕ. ಕಾರ್ಬರಿಲ್ ಹಿಡಿದು ಕೂತವರಿಗೆ ಈ ಪಾಡು ಗೊತ್ತಿರುತ್ತೆ. (ಭೋಪಾಲ್ ಕಾರ್ಖಾನೆಯ ಸೆವಿನ್ ಕೀಟನಾಶಕ ಅಂದರೆ ಇದೇ.)

"ನಿನ್ನ ಸ್ಯಾಂಪಲ್ ಹಳೇದು" ಅಂದರು ಒಬ್ಬರು. "ಡೋಸ್ ಜಾಸ್ತಿ ಮಾಡು" ಅಂದರು ಇನ್ನೊಬ್ಬರು. ಡೋಸ್ ಬದಲಿಸಿದರೆ ಎಥಿಕ್ಸ್ ಕಮಿಟಿಗೆ ಮತ್ತೆ ಅರ್ಜಿ, ಮತ್ತೆ ಕಾಯುವುದು. ನಾನು ಒಪ್ಪಲಿಲ್ಲ. ಇಲಿ ನಾಟಕ ಆಡಲ್ಲ, ಅಲ್ವಾ?

ಇದೇ ಬೆಂಚಿನಲ್ಲಿ, ಇದೇ ಎಲ್ಮನ್ ವಿಧಾನದಲ್ಲಿ (ಎನ್‌ಝೈಮ್ ಕೆಲಸ ಮಾಡಿದಷ್ಟೂ ಏರುವ ಹಳದಿ ಬಣ್ಣ ಅಳೆಯುವುದು) ಕ್ಲೋರ್‌ಪೈರಿಫಾಸ್ ಅನ್ನೋ ಇನ್ನೊಂದು ಕೀಟನಾಶಕ ಚೆನ್ನಾಗಿ ಬಂದಿತ್ತು. ಅದು ಎನ್‌ಝೈಮಿಗೆ ಅಂಟಿದರೆ ದಿನಗಟ್ಟಲೆ ಬಿಡಲ್ಲ. ಕಾರ್ಬಮೇಟ್ (ಕಾರ್ಬರಿಲ್ ಈ ಗುಂಪಿನದು) ಹಾಗಲ್ಲ, ಅರ್ಧ ಮುಕ್ಕಾಲು ಗಂಟೆಯಲ್ಲಿ ಸಡಿಲವಾಗತೊಡಗುತ್ತೆ. ನಾವೋ, ಇಡೀ ಗುಂಪಿನ ಮೆದುಳು ತೆಗೆದು, ಅರೆದು, ಚೆನ್ನಾಗಿ ನೀರಾಗಿಸಿ, 37 ಡಿಗ್ರಿಯಲ್ಲಿ ಇಟ್ಟು, ಚಹಾ ಕುಡಿದು ಬಂದು ರೀಡಿಂಗ್ ತೆಗೆಯುವವರು. ಅಷ್ಟರಲ್ಲಿ ಎನ್‌ಝೈಮ್ ಬಿಡಿಸಿಕೊಂಡು ಆರಾಮಾಗಿರುತ್ತೆ. ಈ ಗುಟ್ಟು ಹೊಳೆಯುವ ಹೊತ್ತಿಗೆ ಡಿಟಿಎನ್‌ಬಿ (ಹಳದಿ ಬಣ್ಣ ಬರಿಸುವ ರಾಸಾಯನಿಕ) ಮತ್ತು ಸಬ್‌ಸ್ಟ್ರೇಟ್ (ಎನ್‌ಝೈಮ್ ಒಡೆಯುವ ವಸ್ತು) ಬಾಟಲಿಗಳಿಗೇ ಹದಿನೈದು ಸಾವಿರದ ಹತ್ತಿರ ಹೋಗಿತ್ತು. ಇಲಿಗಳ ಖರ್ಚು ಬೇರೆ. ಫೆಲೋಶಿಪ್ ದುಡ್ಡು ಬರುವುದೋ ಆರು ತಿಂಗಳಿಗೊಮ್ಮೆ.

ಆಮೇಲೆ ಒಂದು ಸಲಕ್ಕೆ ಒಂದೇ ಇಲಿ. ಮೆದುಳು ನೇರ ಮಂಜುಗಡ್ಡೆ ಮೇಲಿನ ಬಫರಿಗೆ. ಹತ್ತು ಪಟ್ಟಿಗಿಂತ ಹೆಚ್ಚು ತೆಳು ಮಾಡಲಿಲ್ಲ. ಇನ್‌ಕ್ಯುಬೇಷನ್ ಇಲ್ಲ. ಕ್ಯೂವೆಟ್‌ಗೆ (ಅಳತೆಯ ಪುಟ್ಟ ಪಾತ್ರೆ) ಹಾಕಿದ ತಕ್ಷಣ 412 ನ್ಯಾನೋಮೀಟರ್ ಬೆಳಕಿನಲ್ಲಿ ಮೊದಲ ಒಂದು ನಿಮಿಷದ ಏರಿಕೆ ಮಾತ್ರ. ಮೆದುಳಿನ ಒಳಭಾಗದ ಸ್ಟ್ರಯೇಟಮ್ ತಗೋಬೇಡಿ. ಅದರಲ್ಲಿ ಎನ್‌ಝೈಮ್ ವಿಪರೀತ, ಕಣ್ಣು ಮಿಟುಕಿಸುವಷ್ಟರಲ್ಲಿ ಹಳದಿ ತಿರುಗಿ ಸ್ಕೇಲ್ ದಾಟುತ್ತೆ. ಹೊರಪದರದ ಕಾರ್ಟೆಕ್ಸ್ ಸಾಕು. ಗಟ್ಟಿ ಹೋಮೋಜಿನೇಟ್ (ಅರೆದ ಮೆದುಳು) ಕ್ಯೂವೆಟ್‌ನಲ್ಲಿ ಮಬ್ಬು ಕಟ್ಟುತ್ತೆ. ಅದನ್ನು ನಾನು ಹೇಗೆ ನಿಭಾಯಿಸಿದೆ ಅಂತ ಇಲ್ಲಿ ಬರೆಯಲ್ಲ, ಪೇಪರ್ ಬರಲಿ.

ಡೋಸ್ ಕೊಟ್ಟ ಅರ್ಧ ಗಂಟೆಗೆ ತೆಗೆದ ಮೆದುಳಿನಲ್ಲಿ ಎನ್‌ಝೈಮ್ ಚಟುವಟಿಕೆ ಕಂಟ್ರೋಲಿನ ನಲವತ್ತು ಪರ್ಸೆಂಟ್ ಆಸುಪಾಸು ಸಿಕ್ಕಿತು. ಮರುದಿನದ ಗುಂಪು ಪೂರ್ತಿ ನಾರ್ಮಲ್. ಅನುಮಾನ ಪಟ್ಟವರ ಎದುರಿಗೇ, ಅದೇ ನಲವತ್ತರ ಟ್ಯೂಬನ್ನು 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಮತ್ತೆ ಓದಿದೆ. ಎಪ್ಪತ್ತು ದಾಟಿತ್ತು! ಡೋಸ್ ಜಾಸ್ತಿ ಮಾಡು ಅಂದವರೇ ಪ್ರೋಟೋಕಾಲ್ ಹಾಳೆ ಜೆರಾಕ್ಸ್ ಮಾಡಿಸಿಕೊಂಡು ಹೋದರು.

ನಡುವೆ ಒಂದು ಹುಚ್ಚು. ಇಲಿಯ ಹಿಡಿತದ ಬಲ ಅಳೆಯುವ ಗ್ರಿಪ್ ಮೀಟರಿಗೆ ಲಕ್ಷದ ಮೇಲೆ ಕೋಟ್ ಬಂತು. ಸ್ಪ್ರಿಂಗ್ ತಕ್ಕಡಿಗೆ ಸೊಳ್ಳೆ ಜಾಲರಿ ಕಟ್ಟಿ, ಇಲಿಯ ಮುಂಗಾಲು ಅದನ್ನು ಹಿಡಿಯುವಂತೆ ಮಾಡಿ, ಬಾಲ ಹಿಡಿದು ಮೆಲ್ಲಗೆ ಎಳೆದೆ. ಮುಳ್ಳು ಎಲ್ಲಿಗೆ ಹೋಯಿತೆಂದು ಮೊಬೈಲ್ ವಿಡಿಯೋದಲ್ಲಿ ನೋಡುವುದು. ಮುನ್ನೂರು ರೂಪಾಯಿಯೂ ಆಗಲಿಲ್ಲ. ಡೋಸ್ ಆದ ಇಲಿಯ ಹಿಡಿತ ಸಡಿಲ ಅಂತ ಕಂಡಿತು, ಆದರೆ ಎಳೆಯುವ ಕೈ ಬದಲಾದರೆ ಲೆಕ್ಕವೂ ಬದಲು. ಥೀಸಿಸ್‌ಗೆ ಹಾಕಲಿಲ್ಲ.

ಈಗ ರಕ್ತದಲ್ಲಿ ನೋಡುತ್ತಿದ್ದೇನೆ. 412ರಲ್ಲಿ ಹಿಮೋಗ್ಲೋಬಿನ್ ಅಡ್ಡ ಬರುತ್ತೆ, ಹಾಗಾಗಿ 436ಕ್ಕೆ ಸರಿದಿದ್ದೇನೆ. ಸಿಗ್ನಲ್ ಸ್ವಲ್ಪ ಕಮ್ಮಿ, ಹೋಲಿಕೆಗೆ ಇಡುವ ಬ್ಲಾಂಕ್ ಮಾತ್ರ ಸ್ವಚ್ಛ.